ನಾಲ್ಕನೆಯ ಫ್ಯೂಸು

ನನ್ನ ಮೇಜಿನ ಮೇಲಿರುವ ಪೆನ್ನಿನ ಡಬ್ಬಿಯ ತಳದಲ್ಲಿ ಮೂರು ಸುಟ್ಟ ಫ್ಯೂಸುಗಳಿವೆ. ಮನೆಯ ಮೀಟರ್ ಬೋರ್ಡಿನಲ್ಲಿರುವ ಪಿಂಗಾಣಿಯವಲ್ಲ. ಹಳೆಯ ಬೈಕಿಗೆ ಹಾಕುವ, ಕಿರುಬೆರಳಿನ ಅರ್ಧದಷ್ಟು ಉದ್ದದ ಗಾಜಿನ ಕೊಳವೆಗಳು. ಎರಡೂ ತುದಿಗೆ ಲೋಹದ ಟೋಪಿ, ನಡುವೆ ಕೂದಲೆಳೆಯಂಥ ತಂತಿ. ಈ ಮೂರರಲ್ಲೂ ಆ ತಂತಿ ಕರಗಿಹೋಗಿ ಗಾಜು ಕಪ್ಪಾಗಿದೆ. ಪೆನ್ನು ಹುಡುಕಲು ಡಬ್ಬಿ ಬೋರಲು ಹಾಕಿದಾಗೆಲ್ಲ ಮೊದಲು ಉರುಳಿ ಬರುವವು ಇವೇ. "ಕೆಲಸಕ್ಕೆ ಬಾರದ್ದನ್ನೆಲ್ಲ ಯಾಕ್ರೀ ಇಟ್ಕೊಂಡಿದೀರಿ?" ಎಂದು ನನ್ನ ಹೆಂಡತಿ ಸುಮಿತ್ರ ತಿಂಗಳಿಗೊಮ್ಮೆಯಾದರೂ ಕೇಳುತ್ತಾಳೆ. ಕೇಳಿ, ತಾನೇ ಅವನ್ನು ಆರಿಸಿ ಮತ್ತೆ ಡಬ್ಬಿಗೆ ಹಾಕುತ್ತಾಳೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ನಗುವುದಕ್ಕಿಂತ ಈಗಲೇ ನಕ್ಕುಬಿಡುವುದು ಒಳ್ಳೆಯದು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ವಿದ್ಯುತ್ತಿನ ಪಾಠ ಬಂತೆಂದರೆ ನನಗೆ ಹಬ್ಬ. ಬ್ಯಾಟರಿ, ಬಲ್ಬು, ಸ್ವಿಚ್ಚು, ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಬರೆದು, ಕರೆಂಟು ಹೇಗೆ ಹೊರಟು ಹೇಗೆ ವಾಪಸು ಬರುತ್ತದೆ ಎಂದು ಬೆರಳು ಓಡಿಸಿ ತೋರಿಸುತ್ತಿದ್ದೆ. ಬೋರ್ಡಿನ ಮೇಲೆ ನನ್ನ ಬಲ್ಬು ಒಮ್ಮೆಯೂ ಕೆಟ್ಟದ್ದಿಲ್ಲ. ಪ್ರಯೋಗಾಲಯದಲ್ಲಿ ನಿಜವಾದ ಬಲ್ಬು ಹತ್ತದಿದ್ದರೆ ಅಟೆಂಡರನ್ನು ಕರೆಯುತ್ತಿದ್ದೆ. ಅವನು ಬಂದು ಎಲ್ಲೋ ಒಂದು ಕಡೆ ತಿರುವುತ್ತಿದ್ದ, ಹತ್ತುತ್ತಿತ್ತು. ನನ್ನದು ಪುಸ್ತಕದ ಬದನೆಕಾಯಿ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮಕ್ಕಳಿಗೆ ಗೊತ್ತಾಗದ ಹಾಗೆ ಇಬ್ಬರೂ ನೋಡಿಕೊಂಡೆವು.

ನನ್ನ ಬೈಕು ನನ್ನ ಮದುವೆಗಿಂತ ಒಂದು ವರ್ಷ ದೊಡ್ಡದು. ಈಗಿನ ಬೈಕುಗಳ ಹಾಗೆ ಗುಂಡಿ ಒತ್ತಿದರೆ ಎದ್ದು ನಿಲ್ಲುವ ಜಾತಿಯಲ್ಲ, ಒದೆಯಬೇಕು. ಶಿವಮೊಗ್ಗದ ವಿನೋಬನಗರದ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಅದು ಎಷ್ಟು ಒದೆತಕ್ಕೆ ಎದ್ದಿತು ಎಂಬುದು ಅಕ್ಕಪಕ್ಕದವರಿಗೆಲ್ಲ ತಿಳಿಯುತ್ತದೆ. ಮದುವೆಯಾದ ಹೊಸದರಲ್ಲಿ ಸುಮಿತ್ರ ಇದರ ಹಿಂದಿನ ಸೀಟಿನಲ್ಲಿ ಕೂತು ನೋಡದ ಊರಿಲ್ಲ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡಿದ್ದು, ವಿದ್ಯಾನಗರದ ನನ್ನ ಅಕ್ಕನ ಮನೆಗೆ ಹಬ್ಬಕ್ಕೆ ಹೋದದ್ದು, ಹೊಲಿಗೆ ಮಿಷನ್ನಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಿಪೇರಿಗೆ ತಂದದ್ದು, ಎಲ್ಲ ಇದರ ಮೇಲೆಯೇ.

ಅವಳು ಹೊಲಿಗೆಯವಳು. ನಮ್ಮ ಮನೆಯ ಹಜಾರದಲ್ಲಿ ಒಂದು ಪರದೆ ಎಳೆದಿದ್ದೇವೆ. ಆ ಕಡೆ ಅವಳ ಮಿಷನ್ನು, ಈ ಕಡೆ ಸಂಜೆಯ ನನ್ನ ಟ್ಯೂಷನ್ನು. ನಾನು ಪಾಠ ಮಾಡುವಾಗ ಅವಳು ಮಿಷನ್ನು ನಿಲ್ಲಿಸುತ್ತಿರಲಿಲ್ಲ, ಅವಳು ಗಿರಾಕಿಯ ಜೊತೆ ರವಿಕೆಯ ತೋಳಿನ ಬಗ್ಗೆ ಮಾತಾಡುವಾಗ ನಾನು ಪಾಠ ನಿಲ್ಲಿಸುತ್ತಿರಲಿಲ್ಲ. ಒಬ್ಬರ ಕೆಲಸ ಇನ್ನೊಬ್ಬರ ಕಿವಿಗೆ ಬೀಳುತ್ತದೆಂದು ನಾನಂತೂ ಯೋಚಿಸಿರಲಿಲ್ಲ.

ಈ ಫ್ಯೂಸುಗಳು ಸುಡುವುದಕ್ಕೆ ಎಂಟು ವರ್ಷ ಮೊದಲು ಒಂದು ಅನಾಹುತವಾಯಿತು. ದೀಪಾವಳಿಗೆ ಮುಂಚೆ, ಹೊಲಿದ ಬಟ್ಟೆಗಳನ್ನು ಗಿರಾಕಿಯ ಮನೆಗೆ ಕೊಡಲು ಇಬ್ಬರೂ ಹೊರಟಿದ್ದೆವು. ನಾನು ಮಾತಾಡುತ್ತ ಓಡಿಸುತ್ತಿದ್ದೆ. ಏನು ಮಾತು ಅಂತೀರಿ? ಗುಡುಗು ಮೊದಲೋ ಮಿಂಚು ಮೊದಲೋ ಎಂಬುದು. ಒಂದು ರಸ್ತೆ ಉಬ್ಬು ಬಂತು, ಗಾಡಿ ಎಗರಿತು. ನಾನು ಮಾತು ಮುಂದುವರಿಸಿದೆ. ಮುಂದಿನ ತಿರುವಿನಲ್ಲಿ "ಏನಂತೀಯ?" ಎಂದು ಕೇಳಿದರೆ ಉತ್ತರ ಇಲ್ಲ. ತಿರುಗಿ ನೋಡಿದರೆ ಹಿಂದೆ ಹೆಂಡತಿಯೇ ಇಲ್ಲ. ವಾಪಸು ಹೋದರೆ ಅವಳು ರಸ್ತೆಯ ಅಂಚಿನಲ್ಲಿ ಕೂತಿದ್ದಳು, ಯಾರೋ ನೀರು ಕುಡಿಸುತ್ತಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು. ಆ ಸಲದ ದೀಪಾವಳಿಯ ಬಟ್ಟೆಗಳನ್ನೆಲ್ಲ ಗಿರಾಕಿಗಳು ಬೇರೆ ಕಡೆ ಒಯ್ದರು. ಕಟ್ಟು ಬಿಚ್ಚಿದ ದಿನ ಅವಳು ಹೇಳಿದ್ದು ಒಂದೇ ಮಾತು: "ಇನ್ಮೇಲೆ ನಾನು ಗಾಡಿ ಹತ್ತಲ್ಲ." ಕೂಗಾಡಲಿಲ್ಲ, ಅಳಲಿಲ್ಲ. ಅವಳು ಕೂಗಾಡಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಎಂಟು ವರ್ಷ ಅವಳು ಸಿಟಿ ಬಸ್ಸಿನಲ್ಲಿ, ಆಟೋದಲ್ಲಿ, ನಡೆದು ಓಡಾಡಿದಳು. ನಾನು ಖಾಲಿ ಸೀಟು ಹಿಂದೆ ಇಟ್ಟುಕೊಂಡು ಓಡಾಡಿದೆ. ತಪ್ಪು ನನ್ನದು, ಅದನ್ನು ಬಾಯಿಬಿಟ್ಟು ಹೇಳಲೂ ನನ್ನಿಂದಾಗಲಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಹೊರಗೆ ಬಂದು ನೋಡುತ್ತೇನೆ, ಸುಮಿತ್ರ ಬೈಕಿನ ಸೀಟಿಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಾಳೆ! ಹರಿದ ಹಳೆಯ ರೆಕ್ಸಿನ್ನಿನ ಮೇಲೆ ಗುರುತಿನ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ, "ಸೀಟು ಹರಿದು ಹೋಗಿದೆ. ಹಿಂದೆ ಅಗಲ ಸಾಲಲ್ಲ. ಹಿಡ್ಕೊಳಕ್ಕೆ ಒಂದು ಪಟ್ಟಿ ಬೇಕು" ಎಂದಳು, ಯಾವುದೋ ಗಿರಾಕಿಯ ಬಗ್ಗೆ ಹೇಳುವ ಹಾಗೆ. ನಾನು "ಹೂಂ" ಅಂದೆ. ಬಾಯಿ ಬಿಟ್ಟರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಭಯ. ಎರಡು ದಿನದಲ್ಲಿ ಹೊಸ ಸೀಟು ತಯಾರಾಯಿತು. ಒಳಗೆ ದಪ್ಪ ಸ್ಪಂಜು, ಮೇಲೆ ಕಂದು ರೆಕ್ಸಿನ್ನು, ನಡುವೆ ಎರಡು ಸಾಲು ಹೊಲಿಗೆ ಹಾಕಿದ ಗಟ್ಟಿ ಪಟ್ಟಿ. ರೆಕ್ಸಿನ್ನಿನ ಅಂಚನ್ನು ಸೀಟಿನ ತಗಡಿನ ಕೆಳಗೆ ಮಡಚಿ ಗೋಂದು ಹಾಕಿ, ಒಣಗುವ ತನಕ ಗುಂಡುಪಿನ್ನು ಚುಚ್ಚಿ ಇಟ್ಟಿದ್ದಳು. ಶಿವಮೊಗ್ಗದಲ್ಲಿ ಅಂಥ ಸೀಟು ಇನ್ನೊಂದು ಗಾಡಿಗಿಲ್ಲ, ಪಂಥ ಕಟ್ಟುತ್ತೇನೆ.

ಹಾಗೆ ನಮ್ಮ ಪ್ರವಾಸ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಹೊರಟು, ನಾನು ಹುಟ್ಟಿ ಬೆಳೆದ ಭದ್ರಾವತಿ ದಾಟಿ, ಭದ್ರಾ ಅಣೆಕಟ್ಟೆಯ ಹತ್ತಿರ ಬುತ್ತಿ ಉಂಡು, ಸಂಜೆಯೊಳಗೆ ಮನೆಗೆ. ಹಿಂದಿನ ದಿನ ನಾನು ಗಾಡಿ ತೊಳೆದು, ಗಾಳಿ ಹಾಕಿಸಿ, ಜಾಗ್ರತೆಗೆ ಮೂರು ಹೊಸ ಫ್ಯೂಸು ತಂದು ಜೇಬಿನಲ್ಲಿಟ್ಟುಕೊಂಡೆ. ಯಾಕೆ ಫ್ಯೂಸನ್ನೇ ತಂದೆ ಎಂದರೆ, ಗಾಡಿಯ ಭಾಗಗಳಲ್ಲಿ ನನಗೆ ಬದಲಾಯಿಸಲು ಬರುವುದು ಅದೊಂದೇ.

ಹೊರಟೆವು. ಸುಮಿತ್ರ ಒಂದು ಕೈಯಲ್ಲಿ ಪಟ್ಟಿ, ಇನ್ನೊಂದು ಕೈಯಲ್ಲಿ ಬುತ್ತಿಯ ಚೀಲ ಹಿಡಿದು ಕೂತಳು. ನಾನು ಕನ್ನಡಿಯಲ್ಲಿ ಎರಡು ನಿಮಿಷಕ್ಕೊಮ್ಮೆ ಅವಳು ಇದ್ದಾಳೆಯೇ ಎಂದು ನೋಡುತ್ತಿದ್ದೆ. "ಇದೀನಿ, ಮುಂದೆ ನೋಡಿ" ಎಂದಳು. ಮಾಚೇನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬಹುದು, ಗಾಡಿ ಒಮ್ಮೆಲೇ ಸತ್ತಿತು. ಕೆಮ್ಮಲಿಲ್ಲ, ನರಳಲಿಲ್ಲ. ಹಾರ್ನು ಒತ್ತಿದರೆ ಹಾರ್ನಿಲ್ಲ, ದೀಪ ಹಾಕಿದರೆ ದೀಪವಿಲ್ಲ.

ನಮ್ಮ ಕಡೆಯ ರಸ್ತೆಯಲ್ಲಿ ಕೆಟ್ಟು ನಿಂತರೆ ಒಂದು ಅನುಕೂಲವಿದೆ, ವೈದ್ಯರು ತಾವಾಗಿ ಬರುತ್ತಾರೆ. ಒಬ್ಬ ಗಾಡಿ ನಿಧಾನ ಮಾಡಿ "ಪ್ಲಗ್ ಬಿಚ್ಚಿ ಉಜ್ಜಿ ಸಾರ್" ಎಂದು ಹೋದ. ಇನ್ನೊಬ್ಬ "ಪೆಟ್ರೋಲ್ ಇದೆಯಾ ನೋಡ್ಕೊಳ್ಳಿ" ಎಂದು ಹೋದ. ಹಾಲಿನ ಕ್ಯಾನಿನವನೊಬ್ಬ ಏನೂ ಕೇಳದೆ ಎರಡು ಸಲ ಒದ್ದು ನೋಡಿ, "ಮಾರಿಬಿಡಿ ಸಾರ್" ಎಂದು ಹೋದ. ನಾನು ಪಕ್ಕದ ಮುಚ್ಚಳ ತೆಗೆದೆ. ಫ್ಯೂಸು ಸುಟ್ಟಿತ್ತು. ನೋಡಿ, ಎಂಥ ಸಂತೋಷ! ನನಗೆ ಬರುವ ಒಂದೇ ಕೆಲಸ ಒದಗಿ ಬಂದಿತ್ತು. ಹೊಸದು ಹಾಕಿದೆ, ಒದ್ದೆ, ಎದ್ದಿತು. ಸುಮಿತ್ರ ಕೂತಳು. ಅರ್ಧ ಫರ್ಲಾಂಗು ಹೋಗಿ ಮತ್ತೆ ಸತ್ತಿತು. ಎರಡನೆಯ ಫ್ಯೂಸೂ ಕಪ್ಪು.

ಈ ಸಲ ಜಾಣನಾದೆ. ಮೂರನೆಯದನ್ನು ಹಾಕಿ, "ನೀನು ಇಲ್ಲೇ ಇರು, ನಾನೊಬ್ಬನೇ ನೋಡ್ಕೊಂಡು ಬರ್ತೀನಿ" ಎಂದು ಮುಂದೆ ಹೋದೆ, ಬಂದೆ, ಮತ್ತೆ ಹೋದೆ, ಬಂದೆ. ಬೈಕು ಮದುಮಗನ ಕುದುರೆಯ ಹಾಗೆ ಓಡಿತು. ಸುಮಿತ್ರ ಕೂತಳು. ನೂರು ಅಡಿ ಹೋಗುವಷ್ಟರಲ್ಲಿ ಒಂದು ಗುಂಡಿಗೆ ಇಳಿಯಿತು, ಸತ್ತಿತು. ಸರಿಯಾಗಿ ಒಂದು ಕಬ್ಬಿನ ಹಾಲಿನ ಅಂಗಡಿಯ ಮುಂದೆ.

ಅಂಗಡಿಯ ಹೆಂಗಸು, ಜಯಮ್ಮ ಎಂದು ಆಮೇಲೆ ತಿಳಿಯಿತು, ಕಬ್ಬಿನ ಸಿಪ್ಪೆ ಗುಡಿಸುತ್ತ ನಮ್ಮ ನಾಟಕವನ್ನು ಮೊದಲಿನಿಂದ ನೋಡುತ್ತಿದ್ದವಳು. ಪೊರಕೆ ಊರಿ ನಿಂತು, "ಸಾರ್, ನಾನ್ ಆಗ್ಲಿಂದ ನೋಡ್ತಾ ಇದೀನಿ. ಅಮ್ಮ ಕೂತ್ರೆ ನಿಲ್ಲುತ್ತೆ, ಅಮ್ಮ ಇಳಿದ್ರೆ ಓಡುತ್ತೆ. ಗಾಡಿಗೂ ಅಮ್ಮಂಗೂ ಆಗ್ಬರಲ್ಲ ಬಿಡಿ" ಎಂದು ನಕ್ಕಳು.

ನಾನು ವಿಜ್ಞಾನ ಮೇಷ್ಟ್ರಲ್ಲವೆ, ಸುಮ್ಮನಿರಬೇಕಿತ್ತೋ ಬೇಡವೋ? "ಅದು ಹಾಗಲ್ಲ, ಬಹುಶಃ ಭಾರಕ್ಕೆ..." ಎಂದೆ.

"ಭಾರ ಅಂದ್ರೆ?" ಸುಮಿತ್ರಳ ಹುಬ್ಬು ಮೇಲೇರಿತು.

"ಭಾರ ಅಂದ್ರೆ... ಒಟ್ಟಾರೆ ಭಾರ. ಬುತ್ತಿ ಚೀಲ ಎಲ್ಲ ಸೇರಿ."

"ಚಿತ್ರಾನ್ನದ ಭಾರಕ್ಕೆ ಫ್ಯೂಸ್ ಹೋಗುತ್ತಾ?" ಎಂದಳು. ಜಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಸುಮಿತ್ರಳೂ ನಕ್ಕಳು, ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಹೊಸ ಸೀಟಿನ ಪಟ್ಟಿಯನ್ನು ಸುಮ್ಮನೆ ಸವರುತ್ತ ಹೇಳಿದಳು: "ನೋಡಿ, ನಾನು ಮನಸ್ಸು ಗಟ್ಟಿ ಮಾಡ್ಕೊಂಡು ಹತ್ತಿದ್ದೆ. ಗಾಡೀನೇ ಬೇಡ ಅಂತಿದೆ. ಇನ್ನೊಂದೇ ಸಲ ಕೂರ್ತೀನಿ. ನಿಂತ್ರೆ ನಾನು ಬಸ್ಸಲ್ಲಿ ಮನೆಗೆ. ಆಮೇಲೆ ಹತ್ತು ಅಂತ ಕೇಳ್ಬೇಡಿ, ಯಾವತ್ತೂ."

ಕೋಪದಲ್ಲಿ ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಕಟ್ಟು ಬಿಚ್ಚಿದ ದಿನದ ಅದೇ ದನಿ. ನನ್ನ ಜೇಬಿನಲ್ಲಿ ಇದ್ದದ್ದು ಒಂದೇ ಫ್ಯೂಸು. ಅವಳು ಜಯಮ್ಮನ ತಗಡಿನ ಮಾಡಿನ ಕೆಳಗೆ ಸ್ಟೂಲಿನ ಮೇಲೆ ಕೂತಳು. ನಾನು ಬೈಕಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

ನನ್ನ ಜೇಬಿನಲ್ಲಿ ಬಿ.ಪಿ. ಮಾತ್ರೆಯ ಪಟ್ಟಿಯೂ ಇತ್ತು. ಅದರ ಬೆಳ್ಳಿ ಹಾಳೆ ಸುತ್ತಿ ಫ್ಯೂಸಿನ ಜಾಗದಲ್ಲಿ ಇಟ್ಟರೆ ಗಾಡಿ ಓಡುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಕಳ್ಳದಾರಿ. ಕೈ ಅಲ್ಲಿಗೆ ಹೋಗಿಯೂ ಇತ್ತು. ಆಗ ನೆನಪಾದವರು ಆರುಮುಗಂ ಮಾಮ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕಾರ್ಖಾನೆಯಲ್ಲಿ ಅವರು ಎಲೆಕ್ಟ್ರಿಷಿಯನ್, ನಮ್ಮಪ್ಪ ಗುಮಾಸ್ತರು. ಸೈರನ್ನು ಕೂಗಿದರೆ ನಮ್ಮ ಕೇರಿಯಲ್ಲಿ ಗಡಿಯಾರ ನೋಡುತ್ತಿರಲಿಲ್ಲ, ಅನ್ನಕ್ಕೆ ಎಸರಿಡುತ್ತಿದ್ದರು. ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಫ್ಯೂಸು ಪದೇ ಪದೇ ಹೋಗತೊಡಗಿತು. ನಮ್ಮಪ್ಪನಿಗೆ ಸಿಟ್ಟು ಬಂತು. ಬಟ್ಟೆ ಒಣಹಾಕುವ ತಂತಿಯ ತುಂಡನ್ನೇ ಕತ್ತರಿಸಿ ಫ್ಯೂಸಿಗೆ ಕಟ್ಟಿ, "ಈಗ ಹೋಗ್ಲಿ ನೋಡೋಣ" ಎಂದರು. ಫ್ಯೂಸು ಹೋಗಲಿಲ್ಲ. ಫ್ಯಾನು ಹೋಯಿತು, ಗೋಡೆಯೊಳಗಿನ ವಯರು ಹೋಯಿತು, ಕಿಟಕಿಯ ಪರದೆಗೂ ಕಿಡಿ ತಾಗಿತು. ಆರುಮುಗಂ ಮಾಮ ಬನಿಯನ್ನಿನಲ್ಲೇ ಓಡಿಬಂದು ಎಲ್ಲ ಆರಿಸಿದರು. ಅಪ್ಪನಿಗೆ ಏನೂ ಅನ್ನಲಿಲ್ಲ. ನನ್ನ ಕೈಗೆ ಆ ದಪ್ಪ ತಂತಿ ಕೊಟ್ಟು ಹೇಳಿದರು: "ಫ್ಯೂಸನ್ನ ಬೈಬೇಡ ತಂಬಿ. ಅದು ಮನೆ ಉಳಿಸಕ್ಕೆ ತಾನು ಸತ್ತಿದೆ. ಯಾಕೆ ಸತ್ತಿತು ಅಂತ ಹುಡುಕು." ನಾನು ಈ ಮಾತನ್ನು ಮೂವತ್ತೊಂದು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಹುಡುಕಿದ್ದು ಮಾತ್ರ ಇಲ್ಲ.

ಈಗ ಹುಡುಕಿದೆ. ಒಬ್ಬನೇ ಕೂತರೆ ಓಡುತ್ತದೆ. ಹಿಂದೆ ಒಬ್ಬರು ಕೂತರೆ ಫ್ಯೂಸು ಹೋಗುತ್ತದೆ. ಹಿಂದೆ ಕೂತರೆ ಬದಲಾಗುವುದೇನು? ಸೀಟು ತಗ್ಗುತ್ತದೆ. ಸೀಟಿನ ಕೆಳಗೆ ಏನಿದೆ? ಇಷ್ಟು ಸರಳವಾದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಮೊದಲ ನಿಲುಗಡೆಯಲ್ಲೇ ಕೇಳುತ್ತಿದ್ದರು. ಸೀಟಿನ ಬೋಲ್ಟು ಬಿಚ್ಚಿ, ಅದನ್ನು ಎತ್ತಿ ಅಂಗಾತ ಮಲಗಿಸಿದೆ. ಬ್ಯಾಟರಿಯಿಂದ ಫ್ಯೂಸು ದಾಟಿ ಬರುವ ಕೆಂಪು ವಯರು ಹಿಂಭಾಗದಲ್ಲಿ ಒಂದು ಕಡೆ ಕರಕಲಾಗಿತ್ತು. ಅದಕ್ಕೆ ಸರಿಯಾಗಿ ಮೇಲೆ, ರೆಕ್ಸಿನ್ನಿನ ಮಡಿಕೆಯಲ್ಲಿ ಏನೋ ಮಿನುಗಿತು. ಬೆರಳಿನಿಂದ ಸವರಿದೆ, ಚುಚ್ಚಿತು. ಒಂದು ಗುಂಡುಪಿನ್ನು.

ಗೋಂದು ಒಣಗಲೆಂದು ಚುಚ್ಚಿದ ಪಿನ್ನುಗಳಲ್ಲಿ ಒಂದು ಉಳಿದುಬಿಟ್ಟಿತ್ತು. ಅದರ ಹಿಂಭಾಗ ಸೀಟಿನ ತಗಡಿಗೆ ತಾಗಿಕೊಂಡಿತ್ತು, ಮೊನೆ ಕೆಳಗೆ ವಯರಿನ ಕಡೆಗಿತ್ತು. ಸುಮಿತ್ರ ಕೂತು ಸೀಟು ತಗ್ಗಿದಾಗ ಮೊನೆ ವಯರಿಗೆ ಒತ್ತುತ್ತಿತ್ತು. ಮಾಚೇನಹಳ್ಳಿಯ ತನಕ ಕುಲುಕಾಟದಲ್ಲಿ ಚುಚ್ಚಿ ಚುಚ್ಚಿ ಒಳಗಿನ ತಾಮ್ರ ಮುಟ್ಟಿದೆ. ಆಮೇಲೆ ಬ್ಯಾಟರಿಯ ಕರೆಂಟೆಲ್ಲ ಪಿನ್ನಿನ ಮೂಲಕ ಗಾಡಿಯ ಮೈಗೇ ಹರಿದು ಫ್ಯೂಸು ಸುಟ್ಟಿದೆ. ಬೋರ್ಡಿನ ಮೇಲೆ ಬರೆದ ಹಾಗೆ ಸ್ಪಷ್ಟ.

ಮೊದಲು ಬಂದದ್ದು ಸಂತೋಷ. "ಸಿಕ್ತು!" ಎಂದು ಕೂಗಲು ಬಾಯಿ ತೆರೆದೆ. ಆಮೇಲೆ ಅವಳ ಕಡೆ ನೋಡಿದೆ. ನನಗೆ ಬೆನ್ನು ಮಾಡಿ ಕೂತು ಕಬ್ಬಿನ ಹಾಲು ಕುಡಿಯುತ್ತ ಜಯಮ್ಮನ ಜೊತೆ ಮಾತಾಡುತ್ತಿದ್ದಳು. ಎಂಟು ವರ್ಷದ ಭಯ ಕಳೆದುಕೊಳ್ಳಲೆಂದು ಅವಳು ಎರಡು ದಿನ ಕೂತು ಮಾಡಿದ ಸೀಟು. ಅದರಿಂದಲೇ ಗಾಡಿ ನಿಂತಿತು ಎಂದು ಹೇಳುವುದು ಹೇಗೆ? ನನ್ನ ತಪ್ಪಿಗೆ ಅವಳು ಕೈ ಮುರಿದುಕೊಂಡಾಗ ನನಗೆ ಒಂದು ಮಾತು ಅನ್ನದವಳು. ನಾನು ಪಿನ್ನನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಜಯಮ್ಮನ ಹತ್ತಿರ, ಅವಳ ಕಬ್ಬಿನ ಮಿಷನ್ನಿನ ಮೋಟರಿಗೆಂದು ಇಟ್ಟುಕೊಂಡಿದ್ದ ಕಪ್ಪು ಟೇಪು ಕೇಳಿ ತಂದು ವಯರಿಗೆ ಸುತ್ತಿದೆ. ನಾಲ್ಕನೆಯ ಫ್ಯೂಸು ಹಾಕಿದೆ.

"ಏನಾಗಿತ್ತು?" ಎಂದಳು ಸುಮಿತ್ರ.

"ಏನಿಲ್ಲ ಕಣೇ, ಬ್ಯಾಟರಿ ವಯರು ಲೂಸಾಗಿತ್ತು. ಬಿಗಿ ಮಾಡ್ದೆ."

"ಹೌದಾ?" ಎಂದಳು. ನನ್ನ ಮುಖ ನೋಡಿದಳು, ಸೀಟು ನೋಡಿದಳು. ಬುತ್ತಿಯ ಚೀಲ ಎತ್ತಿಕೊಂಡು ಕೂತಳು. ಜಯಮ್ಮ ಪೊರಕೆ ಹಿಡಿದು ರಸ್ತೆಯ ತನಕ ಬಂದಳು, "ಎಷ್ಟು ದೂರ ಹೋಗ್ತೀರೋ ನೋಡ್ತೀನಿ" ಎನ್ನುತ್ತ. ಆ ಮೊದಲ ನೂರು ಅಡಿಯನ್ನು ನಾನು ಉಸಿರಾಡದೆ ದಾಟಿದೆ. ಗುಂಡಿ ಬಂತು, ಇಳಿಯಿತು, ಹತ್ತಿತು. ಗಾಡಿ ಓಡುತ್ತಿತ್ತು. ಭದ್ರಾವತಿ ಬಂತು, ಹೊಳೆಯ ಸೇತುವೆ ಬಂತು. ನಮ್ಮ ಹಳೆಯ ಕ್ವಾರ್ಟರ್ಸಿನ ಕಡೆ ಕೈ ತೋರಿಸಬೇಕೆಂದಿದ್ದೆ. ಹ್ಯಾಂಡಲ್ ಬಿಡಲು ಧೈರ್ಯ ಬರದೆ ಗಲ್ಲದಲ್ಲೇ ತೋರಿಸಿದೆ.

ಅಣೆಕಟ್ಟೆಯ ಹತ್ತಿರ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಹುರಿದ ಮೆಣಸಿನಕಾಯಿ. ಅರ್ಧ ಊಟವಾದ ಮೇಲೆ ಸುಮಿತ್ರ ಎಡಗೈ ಚಾಚಿದಳು.

"ಪಿನ್ನು ಕೊಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. "ಯಾವ ಪಿನ್ನು?" ಎಂದು ಕೇಳಿದ್ದು ಅದಾದ ಮೇಲೆ.

"ಹನ್ನೆರಡು ಚುಚ್ಚಿದ್ದೆ. ತೆಗೆಯೋವಾಗ ಹನ್ನೊಂದು ಸಿಕ್ತು. ಒಂದು ಎಲ್ಲೋ ನೆಲಕ್ಕೆ ಬಿದ್ದಿರ್ಬೇಕು ಅಂದ್ಕೊಂಡೆ. ಅಲ್ಲಾ, ವಯರು ಲೂಸಾದ್ರೆ ಫ್ಯೂಸ್ ಯಾಕ್ರೀ ಹೋಗುತ್ತೆ? ಲೂಸಾದ್ರೆ ಕರೆಂಟು ಬರಲ್ಲ, ಅಷ್ಟೇ ತಾನೇ? ಒಂದಕ್ಕೊಂದು ತಾಗಬಾರದ್ದು ತಾಗಿದ್ರೆ ಅಲ್ವಾ ಫ್ಯೂಸ್ ಹೋಗೋದು? ಮೂವತ್ತು ವರ್ಷ ನಿಮ್ಮ ಟ್ಯೂಷನ್ ಕೇಳಿಸ್ಕೊಂಡೇ ಹೊಲಿದಿದೀನಿ."

ಪರದೆಯ ಆ ಕಡೆ ನನ್ನ ಅತ್ಯುತ್ತಮ ವಿದ್ಯಾರ್ಥಿ ಇದ್ದಳೆಂದು ಅವತ್ತು ತಿಳಿಯಿತು. ನಾನು ಪಿನ್ನು ತೆಗೆದು ಕೊಟ್ಟೆ. ಮೊನೆ ಕರ್ರಗಾಗಿತ್ತು.

"ಗೊತ್ತಿದ್ದೂ ಮತ್ತೆ ಹತ್ತಿ ಕೂತ್ಯಾ?"

"ಗೊತ್ತಾಗಿದ್ದಕ್ಕೇ ಕೂತೆ. ಯಾಕೆ ನಿಲ್ತಿದೆ ಅಂತ ಗೊತ್ತಿಲ್ಲದೆ ಇದ್ದಾಗ ಹೆದರಿಕೆ ಆಗ್ತಿತ್ತು. ನನ್ನ ತಪ್ಪು ಅಂತ ಗೊತ್ತಾದ್ಮೇಲೆ ಏನು ಹೆದರಿಕೆ?" ಅವಳು ಪಿನ್ನನ್ನು ಸೆರಗಿನ ಅಂಚಿಗೆ ಚುಚ್ಚಿಕೊಂಡಳು. ಆಮೇಲೆ ಮೊಸರನ್ನ ಕಲಸುತ್ತ, ಊಟದ ಬಗ್ಗೆ ಹೇಳಿದಷ್ಟೇ ಸಲೀಸಾಗಿ ಹೇಳಿದಳು: "ಅವತ್ತು ಬಿದ್ದಿದ್ದೂ ಅಷ್ಟೇ. ಉಬ್ಬು ಬರೋದು ನಂಗೆ ಕಾಣ್ತಿತ್ತು. ಬಟ್ಟೆ ಗಂಟು ಕೊಳೆ ಆಗುತ್ತೆ ಅಂತ ಎರಡೂ ಕೈಯಲ್ಲಿ ಅದನ್ನೇ ಹಿಡ್ಕೊಂಡಿದ್ದೆ. ನಿಮ್ಮನ್ನ ಹಿಡ್ಕೊಳ್ಳಲಿಲ್ಲ."

"ಎಂಟು ವರ್ಷ ಹೇಳ್ಲಿಲ್ವಲ್ಲೇ ಮಾರಾಯ್ತಿ!"

"ನೀವು ಕೇಳ್ಲಿಲ್ಲ."

ಹೌದು, ಕೇಳಿರಲಿಲ್ಲ. ಗುಡುಗು ಮಿಂಚಿನ ಬಗ್ಗೆ ಅಷ್ಟೆಲ್ಲ ಮಾತಾಡಿದವನು ಅದೊಂದನ್ನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡೆ. ಮೆಣಸಿನಕಾಯಿ ಖಾರ ಎಂದೆ. ಅವಳು ನೀರಿನ ಬಾಟಲಿ ಮುಂದೆ ತಳ್ಳಿದಳು.

ವಾಪಸು ಬರುವಾಗ ಅವಳು ಪಟ್ಟಿ ಹಿಡಿದುಕೊಳ್ಳಲಿಲ್ಲ. ಖಾಲಿ ಬುತ್ತಿಯ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿ, ಒಂದು ಕೈ ನನ್ನ ಹೆಗಲ ಮೇಲಿಟ್ಟು ಕೂತಳು. ನಾನು ಮಾತಾಡಿದೆ, ಅವಳು ಉತ್ತರ ಕೊಟ್ಟಳು. ಬಿಸಿಲು ಇಳಿದಿತ್ತು. ಕಬ್ಬಿನ ಹಾಲಿನ ಅಂಗಡಿ ಹತ್ತಿರವಾದಾಗ ಜಯಮ್ಮ ನಮ್ಮನ್ನು ದೂರದಿಂದಲೇ ಗುರುತು ಹಿಡಿದಳು. ಕಬ್ಬಿನ ಜಲ್ಲೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆಯ ಅಂಚಿಗೆ ಬಂದು ಕೂಗಿದಳು:

"ಏನಮ್ಮಾ, ಇನ್ನೂ ಇಳೀಲಿಲ್ವಾ?"

ನನ್ನ ಹೆಗಲ ಮೇಲಿನ ಕೈ ಬಿಗಿಯಾಯಿತು.

"ಇಳಿಯಲ್ಲ ಹೋಗು ಮಾರಾಯ್ತಿ!" ಎಂದು ಸುಮಿತ್ರ ಕೂಗಿದಳು.